ರಾಗಿ ಕೋಣೆಯ ಗೋಡೆ

ಸಾಸಲು
೨೩-೧-೨೦೨೬, ಶುಕ್ರವಾರ

ಪ್ರೀತಿಯ ಸೊಸೆ ಶಿಲ್ಪಾಳಿಗೆ ಅತ್ತೆ ಮುನಿಗಂಗಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹೊಲಿಗೆ ಹಾಕಿದ ಕಡೆ ನೋವು ಕಡಿಮೆಯಾಯಿತೆ? ಮಗು ಹಾಲು ಕುಡಿದು ಸರಿಯಾಗಿ ಮಲಗುತ್ತಾಳೋ, ಇಲ್ಲ ನೆಲಮಂಗಲದ ಲಾರಿಗಳ ಹಾರನ್‌ಗೆ ಬೆಚ್ಚಿ ಬೀಳುತ್ತಾಳೋ? ಕಿವಿಗೆ ಹತ್ತಿ ಇಟ್ಟುಕೋ, ಮಗುವಿಗೆ ಕುಲಾವಿ ಕಟ್ಟು, ಫ್ಯಾನ್ ಕೆಳಗೆ ಮಲಗಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಹಲೋ ಅನ್ನುವಷ್ಟರಲ್ಲಿ ನಿಮ್ಮಮ್ಮ ಸ್ಪೀಕರ್ ಹಾಕಿಬಿಡುತ್ತಾರೆ. ಆಮೇಲೆ ನಾನು ಮಾತಾಡುವುದು ನಿನ್ನ ಜೊತೆಯಲ್ಲ, ನಿಮ್ಮ ಇಡೀ ಬೀದಿಯ ಜೊತೆ. ಅದಕ್ಕೇ ಈ ಕಾಗದ. ನಿನ್ನ ಗಂಡ ಭಾನು ಭಾನುವಾರ ಬರುವಾಗ ತಂದುಕೊಡುತ್ತಾನೆ. ನನ್ನ ಮಗನೇ ಆದರೂ ಓದದೆ ಇರುತ್ತಾನೆಂಬ ನಂಬಿಕೆ ಇಲ್ಲ, ಅನ್ನದ ಅಗುಳು ಹಾಕಿ ಅಂಟಿಸುತ್ತೇನೆ.

ಹೆರಿಗೆಗೆ ಹೊರಟ ದಿನ ನೀನು ಹೊಸ್ತಿಲಲ್ಲಿ ನಿಂತು, “ಅತ್ತೆ, ಬಚ್ಚಲು ಮನೆ ಒಳಗೆ ಬರೋವರ್ಗೂ ನಾನು ಮಗೂನ ಕರ್ಕೊಂಡು ಬರಲ್ಲ” ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ನಾನು ಹಿತ್ತಿಲ ಬಚ್ಚಲಿಗೇ ಹೋಗಿಲ್ಲವೇ, ಇವಳದೇನು ಹೊಸದು ಅಂದುಕೊಂಡೆ. ನೀನು ಹೋಗಿ ಒಂದು ವಾರಕ್ಕೆ ಮಳೆ ಹಿಡಿಯಿತು. ನೋಡಿಯೇ ಬಿಡೋಣ ಎಂದು ಮಗುವಿನಷ್ಟು ತೂಕದ ರಾಗಿ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಿಸಿನೀರಿನ ಬಕೆಟ್ ಹಿಡಿದು ಹೊರಟೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿತು. ನನಗೇನೂ ಆಗಲಿಲ್ಲ, ರಾಗಿಯೆಲ್ಲ ಚೆಲ್ಲಿಹೋಯಿತು. ಅದನ್ನು ನೋಡಿ ಮಳೆಯಲ್ಲೇ ಕೂತು ಅತ್ತುಬಿಟ್ಟೆ ಕಣಮ್ಮ.

ಈಗ ಧನುರ್ಮಾಸವೂ ಕಳೆಯಿತು, ಇನ್ನು ಗೋಡೆ ಮುಟ್ಟಬಹುದು. ದೊಡ್ಡಬಳ್ಳಾಪುರದ ಕಂಟ್ರಾಕ್ಟರ್ ನಂದೀಶನನ್ನು ನಾಳೆಯೇ ಕರೆಯೋಣ ಎಂದು ಭಾನು ಕುಣಿದ. ನಾನೇ ತಡೆದೆ. ಏನು ಬೇಕೆಂದು ನಮಗೇ ಗೊತ್ತಿಲ್ಲದೆ ಕರೆದರೆ ಪಕ್ಕದ ಮನೆ ರೂಪಾಳ ಗತಿಯೇ ನಮಗೂ. ಕಂಟ್ರಾಕ್ಟರ್ “ಎಲ್ಲಿ ಹಾಕ್ಲಮ್ಮ?” ಅಂತ ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರಂತೆ. ಈಗ ಅವರ ಸ್ನಾನದ ನೀರು ಮೋರಿಗೆ ಹೋಗದೆ ಹಾಲ್‌ಗೆ ಬರುತ್ತದೆ. ಅದಕ್ಕೇ ನಾನು ಊರಲ್ಲಿ ಹೊಸದಾಗಿ ಬಚ್ಚಲು ಕಟ್ಟಿಸಿದವರ ಮನೆಗೆಲ್ಲ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಚೊಂಬು ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ನೋಡಿ ಬಂದೆ. ಮೂರನೇ ಮನೆ ಮುಟ್ಟುವಷ್ಟರಲ್ಲಿ ನನಗೆ ಹೊಟ್ಟೆ ಕೆಟ್ಟಿದೆ ಅಂತ ಊರೆಲ್ಲ ಸುದ್ದಿ. ಆ ಮನೆಯ ಅಂಜಿನಮ್ಮ ಮೆಂತ್ಯ ಹಾಕಿದ ಮಜ್ಜಿಗೆ ಕೊಟ್ಟಳು, ಕುಡಿದು ಬಂದೆ.

ಬಚ್ಚಲು ನೀನು ಕೇಳಿದ ಜಾಗದಲ್ಲೇ, ನಿನ್ನ ಕೋಣೆಯ ಪಕ್ಕದ ರಾಗಿ ಕೋಣೆಯಲ್ಲೇ ಬರುತ್ತದೆ. ಚೀಲಗಳನ್ನು ನಡುಮನೆಗೆ ಸಾಗಿಸಿ ಆಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಮೋಡ್ ಬರುವ ಕಡೆ ಸ್ಟೂಲ್ ಇಟ್ಟು ಭಾನುವನ್ನು ಕೂರಿಸಿದೆ. ಮೊಣಕಾಲು ಗೋಡೆಗೆ ತಗುಲಿತು, ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ. “ಬಿಟ್ಬಿಡಮ್ಮ, ಯಾರಾದ್ರೂ ನೋಡ್ತಾರೆ” ಅಂತ ಒದ್ದಾಡಿದ. ಕಾಲು ನೀಡಿ ಕೂತು ಮಗುವಿಗೆ ನೀರು ಹಾಕುವಷ್ಟು ಜಾಗವನ್ನೂ ನಾನೇ ಕೂತು ಅಳೆದೆ. ನೀನು ನನಗಿಂತ ಎತ್ತರ, ಅದಕ್ಕೆ ಇನ್ನೊಂದು ಗೇಣು ಸೇರಿಸಿದೆ.

ಇನ್ನು ನಿನ್ನ ಕೋಣೆಗೂ ರಾಗಿ ಕೋಣೆಗೂ ನಡುವಿನ ಆ ಗೋಡೆ. ಅದನ್ನು ಒಡೆದು ನಿಮ್ಮ ಕೋಣೆಯಿಂದಲೇ ಬಾಗಿಲು ಇಡಿಸಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದೀಯ. ಒಡೆದರೆ ಮನೆಯ ಆಯ ಕೆಡುತ್ತದೆ, ಉದ್ದಗಲದ ಲೆಕ್ಕ ತಪ್ಪಿದರೆ ಮನೆಗೆ ಒಳ್ಳೆಯದಲ್ಲ ಎಂದು ನಾನು ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಆಯ ನೋಡುವ ಪಿಳ್ಳಣ್ಣ ಮೊನ್ನೆ ಬಂದು ಟೇಪ್ ಹಿಡಿದು ನೋಡಿ, “ಒಡೀರಿ ಮುನಿಗಂಗಮ್ಮ, ಏನೂ ಆಗಲ್ಲ” ಅಂದ. ಹಾಗಾಗಿ ನಾನೂ ಒಪ್ಪಿದ್ದೇನೆ.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಖಾರ ಜಾಸ್ತಿ ತಿನ್ನಬೇಡ. ತಾಯಿ ಮಗು ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅತ್ತೆ
ಮುನಿಗಂಗಮ್ಮ

ಭಾನುವಾರ ಬೆಳಿಗ್ಗೆ: ಭಾನು ಬೈಕ್ ಸ್ಟಾರ್ಟ್ ಮಾಡಿ ಕೂಗುತ್ತಿದ್ದಾನೆ, ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಪಿಳ್ಳಣ್ಣ ಬರಲಿಲ್ಲ, ನಾನು ಅವನನ್ನು ಕರೆಯಲೂ ಇಲ್ಲ. ಈ ಮನೆಗೆ ಯಾರೂ ಆಯ ನೋಡಿಲ್ಲ. ನಿನ್ನ ಮಾವ, ಪುಣ್ಯಾತ್ಮ, ಕಲ್ಲು ಸಿಕ್ಕಷ್ಟು ಉದ್ದ ಕಟ್ಟಿದರು. ಹೊಸದಾಗಿ ಮದುವೆಯಾಗಿ ಬಂದಾಗ ನಾನೂ ನನ್ನ ಅತ್ತೆಯ ಮನೆಯಲ್ಲಿ ನನ್ನ ಕೋಣೆಗೆ ಬೇರೆ ಬಾಗಿಲು ಕೇಳಿ ಇಡಿಸಿಕೊಂಡಿದ್ದೆ. ವರ್ಷ ತುಂಬುವುದರೊಳಗೆ ಅದೇ ಬಾಗಿಲಿಂದ ಬೇರೆ ಬಂದುಬಿಟ್ಟೆವು. ನೀನು ಬಾಗಿಲು ಕೇಳಿದಾಗಲೆಲ್ಲ ನನಗೆ ಅದೇ ಹೆದರಿಕೆ, ಅದಕ್ಕೇ ಆಯದ ಸುಳ್ಳು ಹೇಳಿದೆ. ತಪ್ಪಾಯಿತಮ್ಮ. ಬಾಗಿಲು ಎಲ್ಲಿ ಬರಬೇಕೆಂದು ನೀನೇ ಬರೆದು ಭಾನು ಕೈಯಲ್ಲಿ ಕಳಿಸು, ನಾಳೆ ನಂದೀಶನನ್ನು ಕರೆಯುತ್ತೇನೆ. ಬೇರೆ ಒಲೆ ಹೂಡುವ ಮನಸ್ಸಿದ್ದರೆ ಅದನ್ನೂ ಬರೆ. ಆದರೆ ದೂರ ಹೋಗಬೇಡ, ಆ ಗೋಡೆಯ ಆಚೆ, ನಿನ್ನ ಕೋಣೆಯ ಕಡೆಗೇ ಹೂಡು. ಮಗು ಅತ್ತರೆ ನನಗೆ ಕೇಳಿಸಬೇಕು.