ಅಣ್ಣನ ಗೊರಕೆ

17 ನವೆಂಬರ್, ಸೋಮವಾರ

ಇವತ್ತು ಸಿರಾದಲ್ಲಿ ಡಾಕ್ಟರ ಮುಂದೆ ಅಣ್ಣನ ಗೊರಕೆಯನ್ನು ಮಾಡಿ ತೋರಿಸಿದೆ. ಮೊದಲ ಸಲ ಯಾರೂ ನಗಲಿಲ್ಲ.

ಮೂರು ವರ್ಷದಿಂದ ಮಾತ್ರೆ ನುಂಗಿದರೂ ಅಣ್ಣನಿಗೆ ಸಕ್ಕರೆ ಇಳಿದಿಲ್ಲ. ಕಾಲಿನ ಬೆರಳುಗಳು ಜೋಮು ಹಿಡಿದಿವೆ. ಕದ್ದು ತಿನ್ನುತ್ತಾನೆಂದು ಅತ್ತಿಗೆ ಬೆಲ್ಲದ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನೂ ಅವರ ಮಾತನ್ನೇ ನಂಬಿದ್ದೆ. "ದೇವ್ರಾಣೆ ತಿಂದಿಲ್ಲ ಕಣ್ಲಾ" ಎನ್ನುತ್ತಿದ್ದ ಅಣ್ಣ.

"ನಿದ್ದೇಲಿ ಉಸಿರು ನಿಲ್ಲುತ್ತಾ?" ಎಂದು ಡಾಕ್ಟರು ಕೇಳಿದರು.

ಅತ್ತಿಗೆ ನಗುತ್ತಾ, "ನಿಲ್ತದೆ ಸಾ. ನಮ್ ಮೈದುನ ಅದ್ನೇ ಮಾಡಿ ಊರೆಲ್ಲ ನಗುಸ್ತಾನೆ" ಎಂದರು. ಡಾಕ್ಟರು ನನ್ನತ್ತ ತಿರುಗಿದರು.

ಬರಗೂರಿನ ಮದುವೆ ಮನೆಗಳಲ್ಲಿ ಜನ ಕೇಳಿ ಕೇಳಿ ಮಾಡಿಸುವುದು ಅದನ್ನೇ. ಗೊರಕೆಯ ಲಾರಿ ದಿಣ್ಣೆ ಹತ್ತುತ್ತದೆ, ಗಕ್ಕನೆ ನಿಲ್ಲುತ್ತದೆ. ನಾನು ಬಾಯಿ ತೆರೆದು ಸುಮ್ಮನಿರುತ್ತೇನೆ. ಆಮೇಲೆ ಬೆಚ್ಚಿಬಿದ್ದು ಹೊರಡುತ್ತದೆ. ಸುಮ್ಮನಿದ್ದಷ್ಟೂ ನಗು ಜಾಸ್ತಿ.

ಉಸಿರು ಹಾಗೆ ನಿಂತಾಗಲೆಲ್ಲ ಮೈಯೊಳಗೆ ಗಾಬರಿಯ ಹಾರ್ಮೋನು ಏರುತ್ತದಂತೆ. ಇನ್ಸುಲಿನ್ ಹೇಳಿದ ಮಾತನ್ನು ಮೈ ಕೇಳುವುದಿಲ್ಲವಂತೆ. ಹಸಿವೂ ಕೆರಳುತ್ತದಂತೆ. ಸಕ್ಕರೆ ಇಳಿಯದಿರುವುದಕ್ಕೆ ಅದೂ ಒಂದು ಕಾರಣವಿರಬಹುದು, ತುಮಕೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ನೋಡಬೇಕು ಎಂದರು ಡಾಕ್ಟರು.

ಬಸ್ಸಿನಲ್ಲಿ ಅಣ್ಣ, "ಬೆಲ್ಲದ ಕೇಸು ಬಿದ್ದೋಯ್ತಲ್ಲ ಲೇ" ಎಂದು ನಕ್ಕ. ನನಗೆ ಅವನ ಮುಖ ನೋಡಲಾಗಲಿಲ್ಲ. ಎಷ್ಟು ಮದುವೆಗಳಲ್ಲಿ ಅವನೇ ಮುಂದೆ ಕೂತು ಕೇಳಿ ನಕ್ಕಿದ್ದಾನೆ.

ಈಗ ಗೋಡೆಯಾಚೆ ಲಾರಿ ದಿಣ್ಣೆ ಹತ್ತುತ್ತಿದೆ. ನಿಂತಿತು. ಇಷ್ಟು ಹೊತ್ತು ನಾನು ಯಾವ ಮದುವೆಯಲ್ಲೂ ಸುಮ್ಮನಿದ್ದಿಲ್ಲ. ಹೋಗಿ ಅಲುಗಿಸಿ ಎಬ್ಬಿಸುತ್ತೇನೆ.