ಬಸ್ಸು ಬಿಟ್ಟುಹೋದ ಇಬ್ಬರು

ಮೇ 9, ಗುರುವಾರ

ಕೋಳಿಗೆ ಕಾಳು ಹಾಕಿಯಾಯಿತು. ಶರ್ಟಿಗೆ ಇಸ್ತ್ರಿ ಮಾಡಲು ಹೋಗಿ ಕಾಲರ್ ಸುಟ್ಟೆ. ಹೆಂಡತಿ ಬದುಕಿದ್ದಾಗ ಇಸ್ತ್ರಿಪೆಟ್ಟಿಗೆ ಎಲ್ಲಿತ್ತೆಂದೂ ಗೊತ್ತಿರಲಿಲ್ಲ.

ಶನಿವಾರ ಚರ್ಚಿನವರ ಪ್ರವಾಸ, ಪಶ್ಚಿಮದ ಬೆಟ್ಟ-ಸರೋವರಗಳ ಸೀಮೆ ಕಾನೆಮರಾಗೆ. ಅಂಚೆ ಕಚೇರಿಯ ನೂಲಾ ಬರುತ್ತಾಳೆ. ಅವಳ ನಗು ನೋಡಲೆಂದೇ ಬೇಡದ ಸ್ಟ್ಯಾಂಪ್ ಕೊಂಡು ಡ್ರಾಯರ್ ತುಂಬಿದೆ. ಈ ಸಲ ಕೇಳಿಯೇಬಿಡುವುದು — ಭಾನುವಾರ ಊಟಕ್ಕೆ ಬರುತ್ತೀಯಾ ಅಂತ.

ಅವಳಕ್ಕ ಡಿಂಪ್ನಾನೂ ಬರುತ್ತಾಳಂತೆ. ದೇವರೇ... ಪೂಜೆಯ ನಡುವೆ ಗೊರಕೆ ಹೊಡೆದೆನೆಂದು ಛತ್ರಿಯಿಂದ ತಿವಿದವಳು.

ಮೇ 11, ಶನಿವಾರ, ಬಸ್ಸಿನಲ್ಲಿ

ಅಕ್ಕತಂಗಿ ಒಂದೇ ಸೀಟು. ನನ್ನ ಪಕ್ಕ ಎಲ್ಲರ ಕೋಟುಗಳ ರಾಶಿ. ಹೊರಗೆ ಬರೀ ಮಂಜು. ಡ್ರೈವರ್ ಫೆರ್ಗಲ್ ಮೈಕಿನಲ್ಲಿ: "ಬಲಗಡೆ ಅದ್ಭುತ ಸರೋವರ ಇದೆ. ನನ್ನ ಮಾತು ನಂಬಿ."

ಅದೇ ದಿನ, ಸಂಜೆ

ಎಲ್ಲಿಂದ ಶುರು ಮಾಡಲಿ...

ಪಾಳು ಮಠದ ಹತ್ತಿರ ಇಳಿದೆವು. ಗೋಡೆಯ ಮರೆಗೆ ಹೋಗಿ, ಹೇಳಬೇಕಾದ್ದನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. "ಭಾನುವಾರ ನನ್ನ ಜೊತೆ ಊಟಕ್ಕೆ ಬರ್ತೀಯಾ?"

ಗೋಡೆಯಾಚೆಯಿಂದ: "ಮ್ಯಾಲಕಿಯವರೇ, ಯಾರನ್ನ್ರೀ ಕರೀತಿದ್ದೀರಿ? ಕುರೀನಾ?"

ಡಿಂಪ್ನಾ! ಸಮಾಧಿಕಲ್ಲು ಓದುತ್ತಾ ಹಿಂದುಳಿದಿದ್ದಳು. ಅಷ್ಟರಲ್ಲಿ ಬಸ್ಸು ಹೊರಟ ಸದ್ದು. ಓಡಿದೆವು. ಹೊಗೆಯಷ್ಟೇ ಸಿಕ್ಕಿತು. ನನ್ನ ಫೋನು ಬಸ್ಸಿನಲ್ಲಿ. ಅವಳದಕ್ಕೆ ಸಿಗ್ನಲ್ ಇಲ್ಲ. ಮಳೆ ಬೇರೆ.

ಒಬ್ಬ ರೈತ ಟ್ರಾಕ್ಟರ್ ನಿಲ್ಲಿಸಿದ. ಹಿಂದಿನ ಟ್ರೇಲರ್‌ನಲ್ಲಿ ಒಂದು ಟಗರು, ಜೊತೆಗೆ ನಾವು. ಟಗರು ಡಿಂಪ್ನಾಳ ಟೋಪಿಗೆ ಬಾಯಿ ಹಾಕಿತು. ಬಿಡಿಸಲು ಹೋದೆ.

"ತಿನ್ಲಿ ಬಿಡ್ರೀ. ನೂಲಾ ಕೊಡಿಸಿದ್ದು. ನಂಗೆ ಮೊದಲಿಂದಲೂ ಹಿಡಿಸಿಲ್ಲ."

ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಇವಳಿಗೆ ನಗಲು ಬರುತ್ತದೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ.

ರೈತ ಇಳಿಸಿದ ಪಬ್ಬಿನಿಂದ ಬಸ್ಸಿನವರಿಗೆ ಫೋನ್ ಮಾಡಿದೆವು. ಬಸ್ಸು ತಿರುಗಿ ಬರುವ ತನಕ ಸೂಪು.

"ಗೋಡೆ ಹಿಂದೆ ಹೇಳ್ತಿದ್ದಿದ್ದು ನಮ್ಮ ನೂಲಾಗೆ ತಾನೇ?"

ತಲೆಯಾಡಿಸಿದೆ.

"ಅವಳು ಫೆರ್ಗಲ್ ಜೊತೆ ಓಡಾಡ್ತಿದಾಳೆ. ಇಡೀ ಊರಿಗೇ ಗೊತ್ತು."

"ನಂಗೆ ಗೊತ್ತಿಲ್ಲ."

"ನೀವು ಸ್ಟ್ಯಾಂಪ್ ಕೊಳ್ಳೋದ್ರಲ್ಲಿದ್ರಿ. ಆರೋಗುತ್ತೆ, ಕುಡೀರಿ."

ಎದೆ ಒಡೆಯಬೇಕಿತ್ತು. ಸೂಪು ಚೆನ್ನಾಗಿತ್ತು. ಇನ್ನೊಂದು ಬಟ್ಟಲು ತರಿಸಿದೆ.

ಬಸ್ಸು ಬಂತು. ನೂಲಾ ಮುಂದೆ ಫೆರ್ಗಲ್ ಪಕ್ಕ. ಅಕ್ಕ ಇಲ್ಲದ್ದೂ ಗೊತ್ತಾಗಿರಲಿಲ್ಲವಂತೆ!

"ತಲೆ ಎಣಿಸಿದೆ, ಸರಿಯಾಗೇ ಇತ್ತು" ಅಂದ ಫೆರ್ಗಲ್. ನಮ್ಮ ಸೀಟುಗಳಲ್ಲಿ ಯಾರೋ ಜರ್ಮನ್ ದಂಪತಿ. ತಮ್ಮ ಬಸ್ಸೆಂದು ಹತ್ತಿದವರು. ನಮ್ಮ ಸ್ಯಾಂಡ್‌ವಿಚ್ಚನ್ನೂ ತಿಂದು ಮುಗಿಸಿದ್ದರು.

ಮೇ 19, ಭಾನುವಾರ

ವಾರವಿಡೀ ಬರೆಯಲಿಲ್ಲ. ಬರೆಯಲು ಕೂತರೆ ಟ್ರೇಲರ್ ನೆನಪಾಗಿ ನಗು.

ಇವತ್ತು ಡಿಂಪ್ನಾ ಬಂದಳು, ಬಸ್ಸಿನಲ್ಲಿ ಉಳಿದ ಕೋಟು ಕೊಡಲು. ಕೋಟು ನನ್ನದಲ್ಲ. ಅದು ಅವಳಿಗೂ ಗೊತ್ತಿತ್ತು ಅನಿಸುತ್ತದೆ. ಗೇಟಿನಲ್ಲೇ ನಿಂತು ಹೇಳಿದಳು:

"ಆ ಸರೋವರ ನೋಡ್ಲೇ ಇಲ್ವಲ್ಲ. ಶನಿವಾರ ಹೋಗೋಣ. ಕಾರು ನಂದು. ಓಡಿಸೋಳೂ ನಾನೇ. ನೀನು ಸುಮ್ನೆ ಕೂತಿರು."

'ನೀನು' ಅಂದಳು.

ಮೇ 25, ಶನಿವಾರ, ಬೆಳಗ್ಗೆ

ಬಿಸಿಲು! ಒಂದು ಕೆನ್ನೆಯ ಗಡ್ಡ ಹೆರೆದಾಯಿತು. ಬಿಸಿಲು ಬಂದದ್ದನ್ನು ಬರೆದಿಡೋಣವೆಂದು ನಡುವೆಯೇ ಕೂತೆ. ಹೊರಗೆ ಹಾರ್ನ್.

"ಮ್ಯಾಲಕಿ! ಸರೋವರ ಕಾಯುತ್ತೆ ಕಣೋ, ನಾನು ಕಾಯಲ್ಲ!"

ಇನ್ನೊಂದು ಕೆನ್ನೆ —