ಕೊಂಬಿನ ಜಾಗದಲ್ಲಿ ಒಂದು ಎತ್ವ

ದಾವಣಗೆರೆ,
೨೧೯೧ನೇ ಇಸವಿ, ಫೆಬ್ರುವರಿ ೩೦

ಪ್ರೀತಿಯ ಮಧುಮತಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಇಂಚರಾ ಮಾಡುವ ನಮಸ್ಕಾರ.

ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆ ಅಂತ ಕಾಗದ ಎಸೆಯಬೇಡ. ನಮ್ಮ ಫೆಬ್ರುವರಿಗೆ ಮೂವತ್ತು ದಿನ. ಜುಲೈ, ಆಗಸ್ಟುಗಳ ಹತ್ತಿರ ಒಂದೊಂದು ಹೆಚ್ಚಿಗೆ ಇತ್ತು, ಕಿತ್ತು ಇದಕ್ಕೆ ಕೊಟ್ಟರು. ನಿನ್ನನ್ನು ಹೇಗೆ ಕರೆಯಬೇಕೆಂದು ಎರಡು ದಿನ ಯೋಚಿಸಿದೆ. ಸಂಬಂಧಕ್ಕೆ ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಇದನ್ನು ಓದುವ ನಿನಗೆ ಇಪ್ಪತ್ತಾರು, ಬರೆಯುವ ನನಗೆ ಎಪ್ಪತ್ತೊಂದು. ನಮ್ಮ ಮನೆಯಲ್ಲಿ ಅಜ್ಜಿಗೂ ಏಕವಚನ, ಮೊಮ್ಮಗಳಿಗೂ ಏಕವಚನ. ಹಾಗಾಗಿ ಯಾವ ಕಡೆಯಿಂದ ನೋಡಿದರೂ ನೀನು ‘ನೀನು’. ಇಂಚರಾ ಅನ್ನುವುದು ನಿಮ್ಮಲ್ಲಿ ತೊಟ್ಟಿಲ ಕೂಸಿಗೆ ಇಡುವ ಹೆಸರಂತೆ. ನಮ್ಮಲ್ಲಿ ಅದು ಮುದುಕಿಯರ ಹೆಸರು; ಕೇಳಿದ ಕೂಡಲೇ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ.

ಮಾತಿನ ವಿಷಯಕ್ಕೂ ಕ್ಷಮೆ ಕೇಳಬೇಕು. ನನ್ನದು ಅಲ್ಲಲ್ಲಿ ನಿನಗೆ ತಪ್ಪು ಕನ್ನಡದಂತೆ ಕಾಣುತ್ತದೆ. ಈಗಲೇ ನೋಡು, ನಾನು ನಮ್ಮ ಹಿಟ್ಟಿನ ಗಿರಣಿಯ ಬಾಗಿಲು ಮೆಚ್ಚಿ, ಕಿಟಕಿಯನ್ನೂ ಮೆಚ್ಚಿ, ಈ ಕಾಗದಕ್ಕೆ ಕೂತಿದ್ದೇನೆ. ಮುಚ್ಚಿ ಅಂತ ಬರೆಯುವಲ್ಲಿ ಮುದುಕಿಗೆ ಕೈ ತಪ್ಪಿತು ಅಂದುಕೊಳ್ಳಬೇಡ. ನಮ್ಮ ಊರಿನಲ್ಲಿ ಬಾಗಿಲು, ಡಬ್ಬಿ, ಅಂಗಡಿ, ಸಭೆ, ಎಲ್ಲವನ್ನೂ ಮೆಚ್ಚುತ್ತೇವೆ. “ಎಷ್ಟೊತ್ತಿಗೆ ಮೆಚ್ತೀರಾ ಅಜ್ಜಿ, ಜೋಳ ತರಲಾ?” ಅಂತ ಗಿರಣಿಗೆ ಬಂದವರು ಕೇಳುತ್ತಾರೆ. ಮುಚ್ಚುವುದು ಅನ್ನುವ ಮಾತು ಗುಟ್ಟಿಗೆ ಮಾತ್ರ ಉಳಿದಿದೆ. ಇದು ಎಲ್ಲಿಂದ ಬಂತೆಂದು ನಿನಗೆ ಹೊಳೆದಿರಬೇಕು, ಯಾಕೆಂದರೆ ತಪ್ಪು ನಿನ್ನದೇ.

ನೀನು ಮಂಡಿಪೇಟೆಯ ಹಿಂದಿನ ಬೀದಿಯ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು ಟೈಪ್ ಮಾಡುತ್ತ, ರಜೆಯ ಭಾನುವಾರಗಳಲ್ಲಿ ‘ಪಾಲು’ ಅಂತ ಒಂದು ವಿಡಿಯೋ ಗೇಮ್ ಕಟ್ಟಿದೆ. ಆಟದಿಂದ ಹೊರಬರುವ ಗುಂಡಿಯ ಮೇಲೆ ‘ಮುಚ್ಚು’ ಅಂತ ಇರಬೇಕಿತ್ತು. ಕೊಂಬು ಬರಬೇಕಾದ ಜಾಗದಲ್ಲಿ ಎತ್ವ ಬಂದು ಕೂತಿತು. ಅಂದಿನಿಂದ ಇಂದಿನವರೆಗೆ ನಿನ್ನ ಆಟಕ್ಕೆ ಹೊಕ್ಕವರೆಲ್ಲ ‘ಮೆಚ್ಚು’ ಒತ್ತಿಯೇ ಹೊರಗೆ ಬಂದಿದ್ದಾರೆ.

ನಿನ್ನ ನೋಟ್‌ಬುಕ್ ನನ್ನ ಹತ್ತಿರ ಇದೆ. ಅದರಲ್ಲಿ ನೀನು ಬರೆದಿದ್ದೀಯ: “ಇವತ್ತಿಗೆ ಹದಿನೇಳು ಜನ ಇಳಿಸಿಕೊಂಡಿದ್ದಾರೆ. ಅದರಲ್ಲಿ ಮೂರು ನಾನೇ. ಅವ್ವ ಕೇಳಿದಳು, ಗೆಲ್ಲೋದು ಹೆಂಗೆ? ಗೆಲ್ಲೋದು ಇಲ್ಲ ಅಂದೆ. ಹಂಗಾದ್ರೆ ಯಾರು ಆಡ್ತಾರೆ ನಿನ್ನ ಹುಡುಗಾಟ, ಎದ್ದು ಹೋಗಿ ಅಕ್ಕಿ ಆರಿಸು ಅಂದಳು.” ಮಗಳೇ, ಯಾರು ಆಡುತ್ತಾರೆಂದು ಹೇಳುತ್ತೇನೆ, ಕೇಳು.

ನಿನ್ನ ಫ್ಲೆಕ್ಸ್ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಈಗ ಆಡೋದುಮನೆ ಇದೆ. ನಿನ್ನ ಕಿವಿಗೆ ‘ಆಡೋದು’ ಅಂದರೆ ಬರೀ ಆಡುವುದು. ನಾವು ಅದರೊಳಗೆ ಇನ್ನೊಂದು ಮಾತು ಕೇಳಿಸಿಕೊಂಡೆವು: ಆಡು, ಓದು. ಒಂದು ಆಟವನ್ನು ಹತ್ತು ಜನ ಕೂತು, ಕೈಯಿಂದ ಆಡುತ್ತ ಬಾಯಿಂದ ವಾದ ಮಾಡುತ್ತ ಓದುವುದಕ್ಕೆ ಆಡೋದುವುದು ಅನ್ನುತ್ತೇವೆ. ಕಾದಂಬರಿ ಓದಿದಷ್ಟೇ ಸಹಜವಾಗಿ ಜನ ಆಡೋದುತ್ತಾರೆ. ನಮ್ಮ ಗಿರಣಿಯಲ್ಲಿ ಹಿಟ್ಟು ಬೀಳುವವರೆಗೆ ಕಾಯುವವರಿಗೆ ಒಂದು ಬೆಂಚು, ಗೋಡೆಯ ಮೇಲೆ ಪರದೆ ನಮ್ಮವ್ವನ ಕಾಲದಿಂದಲೂ ಇವೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಕಲಿತದ್ದೆಲ್ಲ ಆ ಬೆಂಚಿನ ಮೇಲೆ, ತಲೆ ಮೇಲೆ ಹಿಟ್ಟು ಕೂತವರ ಜಗಳ ಕೇಳಿ.

ಅಲ್ಲಿ ಅತಿ ಹೆಚ್ಚು ಆಡೋದಿದ್ದು ನಿನ್ನ ‘ಪಾಲು’. ಎಷ್ಟು ಚಿಕ್ಕ ಆಟ ಅದು! ತೀರಿಕೊಂಡ ತಾಯಿಯ ಪಾತ್ರೆಗಳು ನೆಲದ ಮೇಲೆ ಹರಡಿವೆ. ಮೂವರು ಮಕ್ಕಳು ಸುತ್ತ ಕೂತಿದ್ದಾರೆ, ನಮಗೆ ಅವರ ಮುಖ ಕಾಣುವುದಿಲ್ಲ, ಕೈ ಮಾತ್ರ. ನಲವತ್ತು ಪಾತ್ರೆಯನ್ನು ಮೂರು ಗುಂಪು ಮಾಡಬೇಕು. ಪಾತ್ರೆಗೆ ಬೆರಳು ತಾಗಿಸಿ ತಿರುಗಿಸಿದರೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಸಿಗುತ್ತದೆ, ಯಾರು ಕೊಟ್ಟರು, ಯಾರ ಮದುವೆಗೆ, ಯಾವ ತಾರೀಖು. ಅಷ್ಟೇ. ಆ ಹೆಸರುಗಳನ್ನು ಜೋಡಿಸುತ್ತ ಹೋದರೆ ಒಂದು ಸಂಸಾರದ ಐವತ್ತು ವರ್ಷದ ಕಥೆ ಕಟ್ಟಿಕೊಳ್ಳುತ್ತದೆ. ಒಬ್ಬ ಸೋದರಮಾವ ಮೂರು ಮದುವೆಗೆ ಪಾತ್ರೆ ಕೊಟ್ಟವನು ನಾಲ್ಕನೆಯದಕ್ಕೆ ಯಾಕೆ ಕೊಡಲಿಲ್ಲ ಅಂತ ನೀನು ಎಲ್ಲೂ ಬರೆದಿಲ್ಲ. ನಾವು ಅದರ ಮೇಲೆ ಒಂದು ಬೇಸಿಗೆ ಪೂರ್ತಿ ಜಗಳ ಆಡಿದ್ದೇವೆ.

ನಿಮ್ಮಪ್ಪ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೆಸರು ಕೊರೆಯುವವರೆಂದು ನೋಟ್‌ಬುಕ್ಕಿನಿಂದ ಗೊತ್ತಾಯಿತು. ಆಮೇಲೆ ಆಟದ ಆ ತಾಯಿಯ ತಟ್ಟೆ ನೋಡಿದಾಗ ನಗು ಬಂತು. ಅವಳ ಹೆಸರು ಚನ್ನಮ್ಮ. ತಟ್ಟೆಯ ಮೇಲೆ ಒಂದು ಗುಡಿಸು ಹೆಚ್ಚಾಗಿ ಚಿನ್ನಮ್ಮ ಅಂತ ಬಿದ್ದಿದೆ. ಅದಾದ ಮೇಲಿನ ತಾರೀಖಿನ ಪಾತ್ರೆಗಳಲ್ಲೆಲ್ಲ ಅವಳು ಚಿನ್ನಮ್ಮನೇ. ಕೊರೆದದ್ದನ್ನು ಅಳಿಸಲು ಬರುವುದಿಲ್ಲವಲ್ಲ, ಊರೇ ಹೆಸರು ಬದಲಿಸಿಕೊಂಡಿತು.

ಈಗ ನಿನ್ನ ಕಸುಬಿನ ಮಾತು ಸ್ವಲ್ಪ ಆಡುತ್ತೇನೆ, ಮೂವತ್ತು ವರ್ಷದಿಂದ ಕೂಡಿಟ್ಟದ್ದು. ಕಥೆಯಲ್ಲಿ ದೊಡ್ಡ ಹಂಡೆ ಹೊಡೆದುಕೊಂಡ ಅಣ್ಣನನ್ನು ಕಂಡರೆ ನಾವು ಬೈದು ಪುಟ ತಿರುಗಿಸುತ್ತೇವೆ. ನಿನ್ನ ಆಟದಲ್ಲಿ ಹಂಡೆ ಎಳೆದದ್ದು ನಮ್ಮದೇ ಬೆರಳು. ಅದೂ ಎಂಥ ಎಳೆತ! ತಂಬಿಗೆ ಸುಮ್ಮನೆ ಜಾರಿ ಬರುತ್ತದೆ; ಹಂಡೆ ಮಾತ್ರ ಬೆರಳಿನ ಹಿಂದೆ ತಡೆದು ತಡೆದು ಬರುತ್ತದೆ, ಹಾಗೆ ಬರುವಾಗ ಉಳಿದ ಇಬ್ಬರ ಕೈಗಳು ಅಲುಗದೆ ನಿಲ್ಲುತ್ತವೆ. ಆ ನಾಲ್ಕು ಕ್ಷಣ ಸಾಕು, ಆಸೆ ಅಂದರೆ ಏನೆಂದು ಮೈಗೆ ತಿಳಿಯುತ್ತದೆ. ಇದನ್ನು ವಾಕ್ಯದಲ್ಲಿ ಬರೆದಿದ್ದರೆ ಒಪ್ಪುತ್ತಿದ್ದೆವು, ಅಷ್ಟೇ. ನೀನು ಅದನ್ನು ಭಾರದಲ್ಲಿ ಬರೆದೆ. ಆಟ ಯೋಚಿಸುವುದು ಹೀಗೆ ಅಂತ ಈಗ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ.

ಮೂವರಿಗೆ ಹದಿಮೂರು ಹದಿಮೂರು ಹೋದ ಮೇಲೆ ಒಂದು ಸೌಟು ಉಳಿಯುತ್ತದೆ. ಅದರ ಮೇಲೆ ಹೆಸರಿಲ್ಲ. ಏನು ಮಾಡಬೇಕೆಂದು ನೀನು ಹೇಳುವುದಿಲ್ಲ. ಕಿರಿಯವಳಿಗೆ ಕೊಡುವವರಿದ್ದಾರೆ, ನೆಲದ ಮೇಲೆ ಬಿಡುವವರಿದ್ದಾರೆ. ನಾನು ಒಂಬತ್ತು ವರ್ಷದವಳಿದ್ದಾಗ ಅದನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಮೊಳೆಗೆ ತಗುಲಿಹಾಕಿದೆ. ತೂಗಿತು! ಆ ಮೊಳೆಯನ್ನು ಅಷ್ಟು ವರ್ಷ ಯಾರೂ ನೋಡಿರಲಿಲ್ಲ. ಗಿರಣಿಯಲ್ಲಿ ಇದ್ದವರೆಲ್ಲ ಎದ್ದು ನಿಂತರು, ಯಾರದೋ ರಾಗಿ ಜರಡಿಯಿಂದ ಚೆಲ್ಲಿತು. ನೀನು ನನಗಾಗಿಯೇ ಒಂದು ಮೊಳೆ ಹೊಡೆದಿಟ್ಟಿದ್ದೆ ಅನ್ನುವ ಜಂಬ ನನಗೆ ಇವತ್ತಿಗೂ ಇಳಿದಿಲ್ಲ.

ಕೊನೆಗೆ ಆ ಗುಂಡಿ. ಪಾಲು ಮುಗಿದ ಮೇಲೆ ಹೊರಗೆ ಹೋಗಲು ಒಂದೇ ದಾರಿ, ‘ಮೆಚ್ಚು’. ನೀನು ಮಾಡಿದ ಪಾಲನ್ನು ನೀನೇ ಮೆಚ್ಚದೆ ಎದ್ದು ಹೋಗುವಂತಿಲ್ಲ. ಒಬ್ಬಳು ಹೆಂಗಸು, ಅಣ್ಣತಮ್ಮಂದಿರ ಜೊತೆ ಕೋರ್ಟಿಗೆ ಹೋಗಿ ಗೆದ್ದು ಬಂದವಳು, ನಮ್ಮ ಬೆಂಚಿನ ಮೇಲೆ ಆ ಗುಂಡಿಯ ಮುಂದೆ ಒಂದು ಗಂಟೆ ಕೂತಿದ್ದಳು. ಹಿಟ್ಟು ಆರಿತು. ಕೊನೆಗೆ ಪಾತ್ರೆಗಳನ್ನೆಲ್ಲ ಮತ್ತೆ ನೆಲಕ್ಕೆ ಹರಡಿ ಮೊದಲಿನಿಂದ ಶುರು ಮಾಡಿದಳು. ಉಜ್ಜಿನಪ್ಪ ಮೇಷ್ಟ್ರು ಅಂತ ಒಬ್ಬರಿದ್ದಾರೆ, ಎಂಬತ್ತೆರಡು ವರ್ಷ, ಆಡೋದುಮನೆಯ ಹಿರಿಯರು. ಆ ಒಂದು ಗುಂಡಿಯ ಮೇಲೆ ಆರುನೂರು ಪುಟದ ಪುಸ್ತಕ ಬರೆದಿದ್ದಾರೆ, ‘ನಿರ್ಗಮನ ಮೀಮಾಂಸೆ’.

ಆಟಗಳಿಗೆ ಒಂದು ಶಾಪ ಇದೆ ಮಗಳೇ, ಯಂತ್ರ ಸತ್ತರೆ ಅವೂ ಸಾಯುತ್ತವೆ. ಅದಕ್ಕೇ ಹಳೆಯ ಯಂತ್ರದಿಂದ ಆಟವನ್ನು ಬೇರುಸಹಿತ ಕಿತ್ತು ಹೊಸದರಲ್ಲಿ ನೆಡುತ್ತೇವೆ, ಅದಕ್ಕೆ ನಾಟಿ ಅನ್ನುತ್ತೇವೆ. ನಿನ್ನ ಮಗಳು ಒಂದು ನಾಟಿ ಮಾಡಿದಳು, ಮೊಮ್ಮಗಳು ಒಂದು, ನಮ್ಮವ್ವ ಒಂದು, ನಾನು ಒಂದು. ಈಗ ಆಡೋದುಮನೆಯವರು ಇದರ ಕಂಚುಪ್ರತಿ ಮಾಡುವವರಿದ್ದಾರೆ. ಅಂದರೆ ಇನ್ನು ಮೇಲೆ ನಾಟಿ ಬೇಡದ, ಯಾರೂ ಒಂದು ಚುಕ್ಕಿ ಕೂಡ ಬದಲಿಸಲಾಗದ ಪ್ರತಿ. ಬರುವ ಭಾನುವಾರ ಸಭೆ. ಪದ್ಧತಿ ಏನೆಂದರೆ, ಆಟ ಕಟ್ಟಿದವರ ಮನೆಯವರು ಒಬ್ಬರು ಎದ್ದು ನಿಂತು, “ಇದರಲ್ಲಿರುವ ಪ್ರತಿ ಅಕ್ಷರ ಕಟ್ಟಿದವರು ಬಯಸಿದ್ದೇ” ಅಂತ ಮಾತು ಕೊಡಬೇಕು. ಆ ಮಾತು ನಾನು ಕೊಡಬೇಕು.

ಅದು ನನ್ನಿಂದ ಆಗದ ಮಾತು. ಯಾಕೆಂದರೆ ನೋಟ್‌ಬುಕ್ಕಿನಲ್ಲಿ, ಓದಲು ಸಿಗುವ ಕೊನೆಯ ಪುಟದಲ್ಲಿ, ಒಂದು ಭಾನುವಾರದ ತಾರೀಖಿನ ಕೆಳಗೆ ಹೀಗಿದೆ: “ಮೆಚ್ಚು ಅಂತ ಬಿದ್ದಿದೆ! ಮುಚ್ಚು ಆಗಬೇಕು. ನಾಳೆ ಸೋಮವಾರ ಸರಿ ಮಾಡು.” ಮೂವತ್ತು ವರ್ಷದ ಹಿಂದೆ ಇದನ್ನು ಓದಿದೆ. ಓದಿ, ಮುಚ್ಚಿಟ್ಟೆ. ಅಷ್ಟೇ ಆಗಿದ್ದರೆ ಬೇರೆ. ಗಿರಣಿಗೆ ಬಂದವರಿಗೆಲ್ಲ, “ನಮ್ಮ ಮಧುಮತಿ ಬೇಕಂತಲೇ ಇಟ್ಟದ್ದು ಅದು, ಅವಳ ತಲೆ ಅಂಥದ್ದು” ಅಂತ ಹೇಳಿಕೊಂಡು ಬಂದೆ. ನಿನ್ನ ಮೇಲಿನ ಹೆಮ್ಮೆಗೆ ನಾನು ಸುಳ್ಳಿನ ಕಲಾಯಿ ಹಾಕಿದೆ.

ಹೋದ ವಾರ ತಡೆಯಲಾರದೆ ನೋಟ್‌ಬುಕ್ ತೆಗೆದುಕೊಂಡು ಉಜ್ಜಿನಪ್ಪ ಮೇಷ್ಟ್ರ ಮನೆಗೆ ಹೋದೆ. ಅವರು ಮಂಡಕ್ಕಿ ತಿನ್ನುತ್ತ ಕೂತಿದ್ದರು. “ಏನ್ ಇಂಚರಮ್ಮಾ, ಗಿರಣಿ ಬಿಟ್ಟು ಬಂದೀಯ ಅಂದ್ರೆ ಯಾರದೋ ತಲೆ ಹಿಟ್ಟು ಮಾಡೋಕೇ” ಅಂದರು. ನಿಮ್ಮದೇ ಮೇಷ್ಟ್ರೆ ಅಂತ ಪುಟ ತೆರೆದು ಮುಂದಿಟ್ಟೆ. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಇಟ್ಟರು. ಆರುನೂರು ಪುಟ ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅವರು ಸಿಟ್ಟಾಗುತ್ತಾರೆ, ಇಲ್ಲವೇ ಅಳುತ್ತಾರೆ ಅಂದುಕೊಂಡರೆ, ತಲೆ ಎತ್ತಿ ಕೇಳಿದ್ದು ಇಷ್ಟು:

“ಅಲ್ಲಮ್ಮಾ, ಕೈ ತಪ್ಪಿತ್ತು, ಒಪ್ಪಿದೆ. ಆ ಸೋಮವಾರ ಯಾಕೆ ಬರಲಿಲ್ಲ?”

ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. “ನಲವತ್ತು ವರ್ಷ ಬರೆದೆ, ಕೇಳಬೇಕಾದ್ದು ಇದು ಅಂತ ಹೊಳೀಲೇ ಇಲ್ಲ” ಅಂದರು. “ಮೂವತ್ತು ವರ್ಷ ಇದನ್ನ ಬಚ್ಚಿಟ್ಟಿದ್ದೀಯಲ್ಲ, ನಿನ್ನನ್ನ ಏನ್ ಮಾಡ್ಬೇಕು?” ಅಂತಲೂ ಬೈದರು, ಅದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ.

ನಮ್ಮಲ್ಲಿ ಹಿಂದಂಚೆ ಅಂತ ಇದೆ, ಹಿಂದೆ ಬಾಳಿದ ನಮ್ಮವರಿಗೆ ಕಾಗದ ಹಾಕುವ ಅಂಚೆ. ಜೀವಮಾನಕ್ಕೆ ಒಂದೇ ಕಾಗದ, ಅದು ಮುಟ್ಟುವ ದಿನ ಮಾತ್ರ ನಾವೇ ಆರಿಸಬಹುದು. ಅವರ ಸಾವು, ರೋಗದ ಮಾತು ಬರೆದರೆ ಕಚೇರಿಯಲ್ಲೇ ಕತ್ತರಿಸುತ್ತಾರೆ. ಅಲ್ಲಿನ ಗುಮಾಸ್ತ ಕೆಂಚಪ್ಪ, “ಜನ ಇದನ್ನ ತಾಯಿ ಹತ್ರ ತಪ್ಪಾಯ್ತು ಅನ್ನೋಕೆ ಇಟ್ಕೋತಾರೆ ಅಜ್ಜಿ, ನೀನು ಒಂದು ಎತ್ವಕ್ಕೆ ಕಳ್ಕೋತಾ ಇದೀಯ” ಅಂದ. “ನಿನ್ನ ಹೆಸರಿನ ಎತ್ವ ಕಿತ್ತರೆ ಕಂಚಪ್ಪ ಆಗ್ತೀಯ, ಸುಮ್ನೆ ಮುದ್ರೆ ಒತ್ತೋ” ಅಂದೆ.

ಮೊದಲು ಅಂದುಕೊಂಡದ್ದು, ಕಾಗದ ನಿನಗೆ ನೀನು ಆ ಸಾಲು ಬರೆದ ಭಾನುವಾರವೇ ಮುಟ್ಟಲಿ, ‘ದಯವಿಟ್ಟು ಸರಿ ಮಾಡಬೇಡ’ ಅಂತ ಬೇಡಿಕೊಳ್ಳೋಣ ಅಂತ. ಬರೆಯುತ್ತ ಬರೆಯುತ್ತ ಕೈ ನಿಂತಿತು. ನಾನು ಬೇಡ ಅಂದು ನೀನು ಬಿಟ್ಟರೆ, ಆ ಎತ್ವ ನನ್ನದಾಗುತ್ತದೆ, ನಿನ್ನದಾಗುವುದಿಲ್ಲ. ನನ್ನ ಹೆಮ್ಮೆಗೆ ನಾನೇ ಸಾಕ್ಷಿ ಹೇಳಿದಂತೆ. ಅದಕ್ಕೇ ಇದು ಮಂಗಳವಾರ ನಿನ್ನ ಕೈ ಸೇರುವಂತೆ ಹಾಕಿದ್ದೇನೆ. ಸೋಮವಾರ ಕಳೆದಿದೆ. ನೀನು ಸರಿ ಮಾಡಿಲ್ಲ. ಯಾಕೆಂದು ಈ ಲೋಕದಲ್ಲಿ ನಿನಗೊಬ್ಬಳಿಗೇ ಗೊತ್ತು.

ನನ್ನ ಕೋರಿಕೆ ಇಷ್ಟು. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅದನ್ನು ಒಂದು ಸಾಲು ಬರೆದಿಡು. ಮದುವೆ ಸೀಸನ್ನು, ಕಾರ್ಡಿನ ಕೆಲಸ ಜಾಸ್ತಿ, ಮರೆತುಹೋಯಿತು ಅಂದರೆ ಹಾಗೇ ಬರೆ. ಅಪ್ಪನ ಉಳಿ ನೆನಪಾಯಿತು ಅಂದರೆ ಹಾಗೆ. ಚಂದ ಮಾಡಲು ಹೋಗಬೇಡ. ಆ ಪುಟ ಇಲ್ಲಿ ಅದರ ಮುಂದಿನ ಹಾಳೆಗೆ ಅಂಟಿಕೊಂಡಿದೆ, ನಿಮ್ಮ ಅಂಗಡಿಯ ಗೋಂದು ಇರಬೇಕು. ಇಷ್ಟು ವರ್ಷ ಬಿಡಿಸುವ ಧೈರ್ಯ ನನಗೆ ಬಂದಿರಲಿಲ್ಲ. ಭಾನುವಾರ ಸಭೆಯ ಮುಂದೆ, ಮೇಷ್ಟ್ರ ಪಕ್ಕದಲ್ಲಿ ನಿಂತು, ಆವಿ ಹಿಡಿಸಿ ಬಿಡಿಸುತ್ತೇನೆ. ಮೊದಲು ನಾನು ಹೇಳಿದ ಸುಳ್ಳನ್ನು ಹೇಳುತ್ತೇನೆ, ಆಮೇಲೆ ನಿನ್ನ ಸಾಲನ್ನು ಗಟ್ಟಿಯಾಗಿ ಓದುತ್ತೇನೆ. ಪುಟ ಖಾಲಿ ಇದ್ದರೆ, ಖಾಲಿ ಇದೆ ಅಂತ ಓದುತ್ತೇನೆ.

ಅದರಲ್ಲಿ ‘ಮರೆತೆ’ ಅಂತ ಇದ್ದರೂ ನನ್ನ ತಲೆ ತಗ್ಗುವುದಿಲ್ಲ. ಗುಂಡಿಯಲ್ಲಿ ನಿನ್ನ ಕೈ ತಪ್ಪಿರಬಹುದು. ಹಂಡೆಯ ಭಾರದಲ್ಲಿ ತಪ್ಪಲಿಲ್ಲ, ಮೊಳೆಯಲ್ಲಿ ತಪ್ಪಲಿಲ್ಲ. ನಿಮ್ಮವ್ವನಿಗೆ ಹೇಳು, ಹುಡುಗಾಟ ಇನ್ನೂ ಮುಗಿದಿಲ್ಲ, ಗೆಲ್ಲುವುದು ಹೇಗೆಂದು ಈಗ ಯಾರೂ ಕೇಳುವುದಿಲ್ಲ.

ಹೊರಗೆ ಯಾರೋ ಗೋಧಿ ತಂದು ಬಾಗಿಲು ಬಡಿಯುತ್ತಿದ್ದಾರೆ, ಏಳಬೇಕು. ಮಾಡಿದ್ದನ್ನು ಒಮ್ಮೆ ತಿರುಗಿಸಿ ನೋಡಿಕೊಂಡೆ. ಕಾಗದ ಮೆಚ್ಚಿದ್ದೇನೆ.

ನಿನ್ನ
ಇಂಚರಾ